ಬಿಸಿಗೂ ಜಗ್ಗದ, ಅದುರಿದರೂ ಬಿಚ್ಚದ ಲಾಕ್ ನಟ್ ವಿನ್ಯಾಸ ಮಾಡೋದು ಹೇಗೆ?

ಒಂದು ಮಳೆಗಾಲದಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಡೀಸೆಲ್ ಜನರೇಟರ್ ಟಪ್ ಟಪ್ ಎಂದು ಸದ್ದು ಮಾಡತೊಡಗಿತು. ಸದ್ದು ಬರುತ್ತಿದ್ದುದು ಹೊಗೆ ಪೈಪಿನ ಬುಡದಿಂದ. ಟಾರ್ಚ್ ಹಿಡಿದು ನೋಡಿದೆ. ಫ್ಲಾಂಜಿನ (ಪೈಪನ್ನು ಜೋಡಿಸುವ ಚಪ್ಪಟೆ ಅಂಚಿನ) ನಾಲ್ಕು ನಟ್‌ಗಳಲ್ಲಿ ಒಂದು ಇರಲೇ ಇಲ್ಲ. ಇನ್ನೊಂದು ಬೆರಳಲ್ಲೇ ತಿರುಗಿತು. ಉಳಿದೆರಡನ್ನು ಬಿಚ್ಚಿದರೆ ಒಳಗಿದ್ದ ನೈಲಾನ್ ಬಳೆ ಕರಕಲಾಗಿ, ಸುಟ್ಟ ಹಪ್ಪಳದ ಚೂರಿನ ಹಾಗೆ ಉದುರಿತು. ಹಿಂದಿನ ಸಲ ಸರ್ವಿಸಿಗೆ ಬಂದಿದ್ದ ಹುಡುಗ "ಲಾಕ್ ನಟ್ ಹಾಕಿದೀನಿ ಸಾರ್, ಇನ್ನು ಬಿಚ್ಚಲ್ಲ" ಅಂದಿದ್ದ. ಪಾಪ, ಅವನ ಉದ್ದೇಶ ಒಳ್ಳೆಯದೇ. ಆದರೆ ನೈಲಾನ್ ಬಳೆಯ ಈ ನೈಲಾಕ್ ನಟ್‌ನ ಮಿತಿ ಸುಮಾರು 120 ಡಿಗ್ರಿ ಸೆಲ್ಸಿಯಸ್. ಆ ಫ್ಲಾಂಜ್ ಅದರ ಮೂರು ಪಟ್ಟು ಬಿಸಿಯಾಗುತ್ತದೆ.

ಇಂಥ ಜಾಗಕ್ಕೆ ಪೂರ್ತಿ ಲೋಹದ, ಹಲವು ಸಲ ಬಿಚ್ಚಿ ಹಾಕಬಹುದಾದ ನಟ್ ಬೇಕು. ಅದನ್ನು ವಿನ್ಯಾಸ ಮಾಡುವಾಗ ಯಾವುದರ ನಂತರ ಯಾವುದನ್ನು ಯೋಚಿಸಬೇಕು ಎಂದು ಇಲ್ಲಿ ಹೇಳುತ್ತೇನೆ. ಉದಾಹರಣೆಗೆ ಉದ್ದಕ್ಕೂ ಒಂದೇ ನಟ್ ಇಟ್ಟುಕೊಳ್ಳೋಣ: ಎಂ8 (ಅಂದರೆ 8 ಮಿಲಿಮೀಟರ್ ಬೋಲ್ಟಿನದು), ಪಿಚ್ (ಪಕ್ಕಪಕ್ಕದ ಎರಡು ಥ್ರೆಡ್‌ಗಳ ನಡುವಿನ ಅಂತರ) 1.25 ಮಿಲಿಮೀಟರ್, ಎಕ್ಸಾಸ್ಟ್ ಅಂದರೆ ಹೊಗೆ ಪೈಪಿನ ಫ್ಲಾಂಜಿನದು.

ಮೊದಲು: ಈ ನಟ್ ಹಿಡಿಯೋದು ಏನನ್ನ?

ಇಲ್ಲೇ ಬಹಳ ಜನ ಎಡವುತ್ತಾರೆ. ಲಾಕ್ ನಟ್ ಹಾಕಿದರೆ ಬಿಗಿ ಹಾಗೇ ಉಳಿಯುತ್ತದೆ ಎಂಬ ನಂಬಿಕೆ ಇದೆ. ಲೆಕ್ಕ ಬೇರೆಯೇ ಹೇಳುತ್ತದೆ.

8.8 ಎಂಬ ಬಲದ ದರ್ಜೆಯ ಎಂ8 ಬೋಲ್ಟನ್ನು ಸುಮಾರು 25 ನ್ಯೂಟನ್ ಮೀಟರ್ ಟಾರ್ಕಿನಲ್ಲಿ (ತಿರುಗಿಸುವ ಬಲದ ಅಳತೆ) ಬಿಗಿಸಿದರೆ ಅದರೊಳಗೆ ಸುಮಾರು 16,500 ನ್ಯೂಟನ್ ಎಳೆತ ಹುಟ್ಟುತ್ತದೆ. ಅಂದರೆ ಹೆಚ್ಚೂಕಡಿಮೆ 1,700 ಕಿಲೋ ತೂಕ ನೇತುಹಾಕಿದ ಹಾಗೆ. ಥ್ರೆಡ್ ಅಂದರೆ ಒಂದು ಇಳಿಜಾರು ದಾರಿ. ಈ ಎಳೆತ ನಟ್ಟನ್ನು ಆ ಇಳಿಜಾರಿನಲ್ಲಿ ಸದಾ ಹಿಂದಕ್ಕೆ ತಳ್ಳುತ್ತಿರುತ್ತದೆ. ಎಷ್ಟು ಟಾರ್ಕಿನಿಂದ? ಎಳೆತವನ್ನು ಪಿಚ್‌ನಿಂದ ಗುಣಿಸಿ 6.28ರಿಂದ ಭಾಗಿಸಿ: ಸುಮಾರು 3.3 ನ್ಯೂಟನ್ ಮೀಟರ್. ಮಾಮೂಲಿಯಾಗಿ ಥ್ರೆಡ್ಡಿನ ತಿಕ್ಕಾಟ ಇದನ್ನು ಆರಾಮಾಗಿ ತಡೆಯುತ್ತದೆ. ಆದರೆ ಫ್ಲಾಂಜ್ ಅಡ್ಡಡ್ಡ ಜಾರುವಂತೆ ಅದುರಿದಾಗ ತಿಕ್ಕಾಟ ಆ ದಿಕ್ಕಿನಲ್ಲಿ ಖರ್ಚಾಗಿಬಿಡುತ್ತದೆ, ತಿರುಗುವ ದಿಕ್ಕಿಗೆ ಏನೂ ಉಳಿಯುವುದಿಲ್ಲ. ಇದನ್ನು 1969ರಲ್ಲಿ ಗೆರ್ಹಾರ್ಡ್ ಯುಂಕರ್ ಪ್ರಯೋಗ ಮಾಡಿ ತೋರಿಸಿದರು. ನೆಲದ ಮೇಲಿನ ಭಾರವಾದ ಬೀರುವನ್ನು ಸೀದಾ ತಳ್ಳಿದರೆ ಅಲ್ಲಾಡುವುದಿಲ್ಲ, ಆ ಕಡೆ ಈ ಕಡೆ ಅಲ್ಲಾಡಿಸುತ್ತಾ ತಳ್ಳಿದರೆ ಜರುಗುತ್ತದೆ ಅಲ್ವಾ, ಅದೇ ಕಥೆ.

ಈಗ ಲಾಕ್ ನಟ್ಟಿನ ತಡೆ ಟಾರ್ಕ್ ನೋಡಿ. ಬೋಲ್ಟಿನಲ್ಲಿ ಎಳೆತವೇ ಇಲ್ಲದಾಗಲೂ ನಟ್ಟನ್ನು ತಿರುಗಿಸಲು ಬೇಕಾಗುವ ಟಾರ್ಕ್ ಅದು. ಎಂ8ಗೆ ಮಾನದಂಡಗಳು ಕೇಳುವ ಕನಿಷ್ಠ ತಡೆ ಒಂದು ನ್ಯೂಟನ್ ಮೀಟರಿಗೂ ಕಡಿಮೆ. 3.3ರ ಎದುರು ಅದು ಎಲ್ಲಿ ನಿಲ್ಲುತ್ತದೆ? ನಿಲ್ಲುವುದಿಲ್ಲ. ನಟ್ ಹಿಂದಕ್ಕೆ ಜಾರುತ್ತದೆ, ಎಳೆತ 4,000-5,000 ನ್ಯೂಟನ್ನಿಗೆ ಇಳಿದ ಮೇಲೆ ಎರಡೂ ಸಮ ಆಗಿ ಅಲ್ಲಿಗೆ ನಿಲ್ಲುತ್ತದೆ. ಅಂದರೆ ಲಾಕ್ ನಟ್ ನಟ್ಟನ್ನು ಉದುರದಂತೆ ಕಾಯುತ್ತದೆ. ಬಿಗಿಯನ್ನು ಕಾಯುವುದು ಬೋಲ್ಟಿನ ಎಳೆತ, ಮತ್ತು ಫ್ಲಾಂಜ್ ಜಾರದಂತೆ ಮಾಡಿದ ಜೋಡಣೆ. ಇದು ತಲೆಯಲ್ಲಿ ಕೂತರೆ ಮುಂದಿನ ಹೆಜ್ಜೆಗಳ ಕ್ರಮ ತಾನಾಗೇ ಅರ್ಥವಾಗುತ್ತದೆ.

ನಟ್ ನಿಜವಾಗಿ ಎಷ್ಟು ಬಿಸಿಯಾಗುತ್ತೆ, ಅಳೆಯಿರಿ

ಹೊಗೆಯ ಬಿಸಿ 550 ಡಿಗ್ರಿ ಇದ್ದ ಮಾತ್ರಕ್ಕೆ ನಟ್ಟಿನದೂ ಅಷ್ಟೇ ಇರುವುದಿಲ್ಲ. ವಾಷರಿನ ಅಡಿ ಬಿಸಿ ಅಳೆಯುವ ತೆಳುವಾದ ಥರ್ಮೋಕಪಲ್ ತಂತಿ ಸಿಕ್ಕಿಸಿ ಪೂರ್ತಿ ಲೋಡಿನಲ್ಲಿ ಓಡಿಸಿ. ಎಂಜಿನ್ ನಿಲ್ಲಿಸಿದ ಮೇಲೂ ಹತ್ತು ನಿಮಿಷ ಓದುತ್ತಿರಿ. ಫ್ಯಾನ್ ನಿಂತಾಗ ಒಳಗಿನ ಬಿಸಿ ಹೊರಗೆ ಹರಿದು ನಟ್ ಇನ್ನೂ ಜಾಸ್ತಿ ಕಾಯಬಹುದು. ಆ ಗರಿಷ್ಠ ಅಂಕಿಗೆ 50 ಡಿಗ್ರಿ ಸೇರಿಸಿ ವಿನ್ಯಾಸ ಮಾಡುವುದು ನನ್ನ ರೂಢಿ. ನಮ್ಮ ಉದಾಹರಣೆಗೆ 425 ಡಿಗ್ರಿ ಅಂತಿಟ್ಟುಕೊಳ್ಳೋಣ.

ಹಿಗ್ಗುವ ಲೆಕ್ಕ, ಇದನ್ನು ಬಿಟ್ಟು ಮುಂದೆ ಹೋಗಬೇಡಿ

"ಬಿಸಿ ಜಾಗ ಅಲ್ವಾ, ಸ್ಟೇನ್‌ಲೆಸ್ ಹಾಕಿಬಿಡಿ" ಅನ್ನುವ ಸಲಹೆ ಎಲ್ಲೆಡೆ ಸಿಗುತ್ತದೆ. ಫ್ಲಾಂಜ್ ಬೀಡು ಕಬ್ಬಿಣದ್ದಾಗಿದ್ದರೆ ಈ ಸಲಹೆಯೇ ಮುಳುವು. ಒಂದು ಡಿಗ್ರಿಗೆ ಬೀಡು ಒಂದು ಮೀಟರಿನಲ್ಲಿ ಸುಮಾರು 11 ಮೈಕ್ರಾನ್ ಹಿಗ್ಗುತ್ತದೆ. 304 ಸ್ಟೇನ್‌ಲೆಸ್ ಅಥವಾ ಎ286 ಮಿಶ್ರಲೋಹ ಸುಮಾರು 17 ಮೈಕ್ರಾನ್. ಮಾಮೂಲಿ ಉಕ್ಕು 12ರ ಆಸುಪಾಸು.

ಹಿಡಿತದ ದಪ್ಪ, ಅಂದರೆ ನಟ್ ಒತ್ತಿ ಹಿಡಿದ ಭಾಗಗಳ ಒಟ್ಟು ದಪ್ಪ, 20 ಮಿಲಿಮೀಟರ್ ಇರಲಿ. 16,500 ನ್ಯೂಟನ್ ಎಳೆತಕ್ಕೆ ಆ 20 ಮಿಲಿಮೀಟರ್ ಸ್ಟಡ್ (ತಲೆಯಿಲ್ಲದ ಬೋಲ್ಟ್) ಹಿಗ್ಗಿರುವುದು ಬರೀ 46 ಮೈಕ್ರಾನ್. ನಮ್ಮ ಬಿಗಿಯೆಲ್ಲ ನಿಂತಿರುವುದು ಒಂದು ತಲೆಗೂದಲಿನಷ್ಟೂ ಇಲ್ಲದ ಈ ಹಿಗ್ಗುವಿಕೆಯ ಮೇಲೆ. ಈಗ 400 ಡಿಗ್ರಿ ಬಿಸಿ ಏರಲಿ. ಸ್ಟೇನ್‌ಲೆಸ್ ಸ್ಟಡ್ ಬೀಡಿಗಿಂತ 48 ಮೈಕ್ರಾನ್ ಜಾಸ್ತಿ ಉದ್ದವಾಗುತ್ತದೆ. 46ರಲ್ಲಿ 48 ಹೋಯಿತು. ಬಿಗಿ ಪೂರ್ತಿ ಖಾಲಿ. ನಟ್ ಒಂದು ಕೂದಲೆಳೆಯಷ್ಟೂ ತಿರುಗಿಲ್ಲ, ಆದರೂ ಫ್ಲಾಂಜ್ ಸಡಿಲ. ಆಮೇಲೆ ಅದುರುವಿಕೆ ತನ್ನ ಕೆಲಸ ಮಾಡುತ್ತದೆ, ನಾವು ನಟ್ಟನ್ನು ಬಯ್ಯುತ್ತೇವೆ.

ಇದಕ್ಕೆ ಎರಡು ದಾರಿ. ಒಂದು, ಹಿಗ್ಗುವ ಗುಣ ಹೊಂದುವ ಲೋಹ ಆರಿಸುವುದು. ಇನ್ನೊಂದು, ಸ್ಟಡ್ ಉದ್ದ ಮಾಡುವುದು. ನಟ್ಟಿನ ಅಡಿಗೆ ಸ್ಟಡ್ಡಿನದೇ ಲೋಹದ 40 ಮಿಲಿಮೀಟರ್ ಬುಶ್ (ಕೊಳವೆಯಂಥ ತುಂಡು) ಹಾಕಿ. ಹಿಡಿತ 60 ಮಿಲಿಮೀಟರ್ ಆಯಿತು, ಅದೇ ಎಳೆತಕ್ಕೆ ಸ್ಟಡ್ ಈಗ ಸುಮಾರು 138 ಮೈಕ್ರಾನ್ ಹಿಗ್ಗಿರುತ್ತದೆ. ಬಿಸಿ ತಿನ್ನುವುದು ಅದೇ 48. ಮೂರನೇ ಎರಡರಷ್ಟು ಬಿಗಿ ಉಳಿಯಿತು. ಎಕ್ಸಾಸ್ಟ್ ಸ್ಟಡ್‌ಗಳ ಮೇಲೆ ಉದ್ದನೆಯ ಬುಶ್ ಕಂಡರೆ ಅದು ಸುಮ್ನೆ ಇಟ್ಟಿದ್ದಲ್ಲ, ತಿಳೀತಾ? ಎಷ್ಟೋ ಕಡೆ ಅದನ್ನು ಕಿತ್ತು ಗಿಡ್ಡ ಬೋಲ್ಟ್ ಹಾಕಿರುವುದನ್ನು ನೋಡಿದ್ದೇನೆ.

ಲೋಹದ ಆಯ್ಕೆ

ಬೀಡಿನ ಫ್ಲಾಂಜ್, 450 ಡಿಗ್ರಿಯ ಒಳಗೆ: ಕ್ರೋಮ್-ಮಾಲಿಬ್ಡಿನಂ-ವೆನೇಡಿಯಂ ಉಕ್ಕಿನ ಸ್ಟಡ್, ಅದೇ ಜಾತಿಯ ನಟ್. ಬಿ16 ಎಂದು ಕೇಳಿದರೆ ಬಿಸಿ ಪೈಪಿನ ಕೆಲಸ ಮಾಡುವವರಿಗೆ ಗೊತ್ತಾಗುತ್ತದೆ. ಮಾಮೂಲಿ 8.8 ಬೋಲ್ಟ್ 300 ಡಿಗ್ರಿ ದಾಟಿದರೆ ಮೆತ್ತಗಾಗುತ್ತಾ ಎಳೆತವನ್ನು ಬಿಟ್ಟುಕೊಡುತ್ತದೆ. ಅದನ್ನು ಇಲ್ಲಿ ನಂಬಬೇಡಿ.

ಫ್ಲಾಂಜ್ ಸ್ಟೇನ್‌ಲೆಸ್ ಆಗಿದ್ದರೆ, ಅಥವಾ ಬಿಸಿ 600 ಡಿಗ್ರಿಯ ಕಡೆಗೆ ಹೋದರೆ ಎ286. ಹಿಗ್ಗುವ ಗುಣ ಸ್ಟೇನ್‌ಲೆಸ್ಸಿಗೆ ಹೊಂದುತ್ತದೆ, 650 ಡಿಗ್ರಿಯವರೆಗೆ ಬಲ ಉಳಿಸಿಕೊಳ್ಳುತ್ತದೆ. ಅದಕ್ಕೂ ಮೇಲೆ ವ್ಯಾಸ್ಪಲಾಯ್‌ನಂಥ ನಿಕಲ್ ಮಿಶ್ರಲೋಹಗಳು. ಜೆಟ್ ಎಂಜಿನ್ನಿನ ಮಂದಿಗೆ ಬಿಟ್ಟರೆ ಬೇರೆಯವರಿಗೆ ಅದರ ಬೆಲೆ ಕೇಳಿಯೇ ಬೆವರು ಬರುತ್ತದೆ.

ಕಾಲರ್: ವಿನ್ಯಾಸದ ಹೃದಯ ಇಲ್ಲಿದೆ

ಪೂರ್ತಿ ಲೋಹದ ಲಾಕ್ ನಟ್ಟಿನ ಕೆಳಭಾಗ ಮಾಮೂಲಿ ನಟ್. ಭಾರ ಹೊರುವುದು ಅದೇ. ಮೇಲೆ ತೆಳುವಾದ ಕಾಲರ್ ಇರುತ್ತದೆ. ಅದನ್ನು ಎರಡು ಕಡೆಯಿಂದ ಹಿಸುಕಿ ಮೊಟ್ಟೆಯಾಕಾರ ಮಾಡಿರುತ್ತಾರೆ. ಇಲ್ಲವೇ ಕಾಲರಿನಲ್ಲಿ ಆರು ಸೀಳು ಹಾಕಿ ಆ ಎಸಳುಗಳನ್ನು ಒಳಕ್ಕೆ ಬಗ್ಗಿಸಿರುತ್ತಾರೆ. ಬೋಲ್ಟ್ ಒಳಗೆ ಬಂದಾಗ ಕಾಲರ್ ಹೊರಕ್ಕೆ ಅಗಲುತ್ತದೆ, ಸ್ಪ್ರಿಂಗಿನಂತೆ ಬೋಲ್ಟನ್ನು ಹಿಂಡುತ್ತದೆ.

ಮತ್ತೆ ಮತ್ತೆ ಬಳಸಬೇಕು ಎಂದರೆ ಕಾಲರ್ ಪ್ರತಿ ಸಲವೂ ಮೊದಲಿನ ಆಕಾರಕ್ಕೆ ಮರಳಬೇಕು. ಅಂದರೆ ಅಗಲಿದಾಗ ಅದರೊಳಗಿನ ಒತ್ತಡ ಲೋಹದ ಯೀಲ್ಡ್ ಮಿತಿಯ (ಅದನ್ನು ದಾಟಿದರೆ ಲೋಹ ಶಾಶ್ವತವಾಗಿ ಬಗ್ಗಿಬಿಡುತ್ತದೆ) ಒಳಗಿರಬೇಕು. ಎ286ರಲ್ಲಿ ಆ ಮಿತಿ 600ರಿಂದ 700 ಮೆಗಾಪಾಸ್ಕಲ್.

ಮೊಟ್ಟೆಯಾಕಾರದ ಕಾಲರಿಗೆ ಒಂದು ಸರಳ ಅಂದಾಜು ಇದೆ. ಲೋಹದ ಯಂಗ್ಸ್ ಮಾಡ್ಯುಲಸ್ (ಎಳೆದಾಗ ಅದು ಎಷ್ಟು ಬಿರುಸು ಎಂಬ ಅಂಕಿ), ವ್ಯಾಸದಲ್ಲಿ ಅಗಲುವ ಅಳತೆ, ಗೋಡೆಯ ದಪ್ಪ, ಈ ಮೂರನ್ನೂ ಗುಣಿಸಿ. ಕಾಲರಿನ ಸರಾಸರಿ ತ್ರಿಜ್ಯದ ವರ್ಗದಿಂದ ಭಾಗಿಸಿ. ಬಂದದ್ದನ್ನು 1.07ರಿಂದ ಗುಣಿಸಿ. ಥ್ರೆಡ್ಡಿನ ತಳದಿಂದ ಅಳೆದ ಗೋಡೆ 1.2 ಮಿಲಿಮೀಟರ್, ತ್ರಿಜ್ಯ 4.6, ಅಗಲುವಿಕೆ 0.05 ಎಂದಿಟ್ಟರೆ ಸುಮಾರು 600 ಮೆಗಾಪಾಸ್ಕಲ್ ಬರುತ್ತದೆ. ಅಂದರೆ ಈ ಕಾಲರ್ ಹಾಳಾಗದೆ ಅಗಲಬಲ್ಲದ್ದು ಬರೀ 0.05 ಮಿಲಿಮೀಟರ್. ಗೋಡೆಯನ್ನು 0.8ಕ್ಕೆ ಇಳಿಸಿದರೆ 0.07 ಸಿಗುತ್ತದೆ.

ಇನ್ನು ಬೋಲ್ಟಿನ ಕಡೆ ಬನ್ನಿ. ಅಂಗಡಿಯಲ್ಲಿ ಸಿಗುವ ಎಂ8 ಬೋಲ್ಟಿನ ಥ್ರೆಡ್ ಸಾಮಾನ್ಯವಾಗಿ 6ಜಿ ಎಂಬ ನಿಖರತೆಯ ದರ್ಜೆಯದು. ಅದರ ಪಿಚ್ ವ್ಯಾಸ (ಥ್ರೆಡ್ಡಿನ ಏರುತಗ್ಗುಗಳ ನಡುಮಟ್ಟದಲ್ಲಿ ಅಳೆದ ವ್ಯಾಸ) 7.042ರಿಂದ 7.160 ಮಿಲಿಮೀಟರ್ ವರೆಗೆ ಎಲ್ಲಿದ್ದರೂ ಪಾಸ್. ವ್ಯತ್ಯಾಸ 0.118. ನಮ್ಮ ಕಾಲರಿನ ಒಟ್ಟು ಸ್ಪ್ರಿಂಗಿಗಿಂತ ಇದೇ ದೊಡ್ಡದು! ದಪ್ಪ ಬೋಲ್ಟಿಗೆ ಸರಿಯಾಗಿ ಹಿಸುಕಿದ ನಟ್ ಸಣ್ಣ ಬೋಲ್ಟಿನಲ್ಲಿ ಸಲೀಸಾಗಿ ತಿರುಗುತ್ತದೆ. ಸಣ್ಣದಕ್ಕೆ ಹಿಸುಕಿದ್ದನ್ನು ದಪ್ಪ ಬೋಲ್ಟಿಗೆ ಹಾಕಿದರೆ ಮೊದಲ ಸಲವೇ ಕಾಲರ್ ಅಗಲಿ ಹೋಗುತ್ತದೆ. "ಒಂದೇ ಡಬ್ಬಿಯ ನಟ್, ಒಂದು ಟೈಟು, ಒಂದು ಲೂಸು" ಎಂಬ ದೂರಿನ ಹಿಂದೆ ಎಷ್ಟೋ ಸಲ ಇದೇ ಇರುತ್ತದೆ.

ಹಾಗಾಗಿ ಇಂಥ ಕೆಲಸಕ್ಕೆ ನಾನು ಎರಡು ಬದಲಾವಣೆ ಮಾಡುತ್ತೇನೆ. ಸ್ಟಡ್ಡಿನ ಥ್ರೆಡ್ ಅನ್ನು ದರ್ಜೆ 4ಕ್ಕೆ ಬಿಗಿ ಮಾಡುತ್ತೇನೆ. ಆಗ ವ್ಯತ್ಯಾಸ 0.075ಕ್ಕೆ ಇಳಿಯುತ್ತದೆ. ಕಾಲರನ್ನು ಸೀಳಿನ ಎಸಳುಗಳ ಮಾದರಿಗೆ ಬದಲಾಯಿಸುತ್ತೇನೆ. ಎಸಳು ಒಂದು ಕಡೆ ಮಾತ್ರ ಹಿಡಿದ ಪಟ್ಟಿಯಂತೆ ಬಗ್ಗುತ್ತದೆ. 5 ಮಿಲಿಮೀಟರ್ ಉದ್ದ, 1 ಮಿಲಿಮೀಟರ್ ದಪ್ಪದ ಎಸಳು ಅದೇ 600 ಮೆಗಾಪಾಸ್ಕಲ್ಲಿಗೆ ವ್ಯಾಸದಲ್ಲಿ ಸುಮಾರು 0.1 ಮಿಲಿಮೀಟರ್ ಅಗಲುತ್ತದೆ. 0.075ರ ವ್ಯತ್ಯಾಸ ಅದರೊಳಗೆ ಕೂರುತ್ತದೆ, ಹಿಂಡಲು ಸ್ವಲ್ಪ ಉಳಿಯುತ್ತದೆ ಕೂಡ. ಎಸಳಿನ ಬುಡದಲ್ಲಿ ಚೂಪು ಮೂಲೆ ಬಿಡಬೇಡಿ, ಸೀಳಿನ ತಳ ಗುಂಡಾಗಿರಲಿ. ಬಿರುಕು ಶುರುವಾಗುವುದು ಅಲ್ಲಿಂದಲೇ. ನಟ್ ಎತ್ತರವಾಗುತ್ತದೆ ಎಂಬುದು ಇದರ ಬೆಲೆ. ಜಾಗ ಇಲ್ಲದಿದ್ದರೆ ಮೊಟ್ಟೆಯಾಕಾರವೇ ಗತಿ, ಆಗ ಗೋಡೆ ತೆಳು ಮಾಡಿ.

ಹಿಸುಕುವುದು ಯಾವಾಗ ಎಂಬುದೂ ಮುಖ್ಯ. ಟ್ಯಾಪ್ (ಒಳಗೆ ಥ್ರೆಡ್ ಕೊರೆಯುವ ಉಪಕರಣ) ಹೊಡೆದು, ಹಿಸುಕಿ, ಆಮೇಲೆ ಹೀಟ್ ಟ್ರೀಟ್‌ಮೆಂಟಿಗೆ ಕೊಡಿ. ಎ286 ಆದರೆ ಸುಮಾರು 720 ಡಿಗ್ರಿಯಲ್ಲಿ 16 ಗಂಟೆ. ಗಟ್ಟಿಯಾದ ಮೇಲೆ ಹಿಸುಕಿದರೆ ಒಳಗೆ ಒತ್ತಡ ಸಿಕ್ಕಿಕೊಂಡಿರುತ್ತದೆ. ಎಂಜಿನ್ನಿನ ಬಿಸಿಗೆ ಅದು ಸಡಿಲವಾಗಿ ಕಾಲರಿನ ಆಕಾರ ಬದಲಾಗುತ್ತದೆ. ಮೊದಲೇ ಹಿಸುಕಿದರೆ ಒಲೆಯಲ್ಲೇ ಆ ಒತ್ತಡ ಬಹುಪಾಲು ಇಳಿದುಹೋಗುತ್ತದೆ. ಒಲೆಯಿಂದ ಬಂದ ಮೇಲೆ ಆಕಾರ ಮತ್ತೆ ಅಳೆಯಿರಿ, ಸ್ವಲ್ಪ ಬದಲಾಗಿರುತ್ತದೆ. ಅದಕ್ಕೆ ತಕ್ಕಂತೆ ಮುಂದಿನ ಲಾಟಿನ ಹಿಸುಕುವಿಕೆ ಸರಿಮಾಡಿಕೊಳ್ಳಬೇಕು. ಎರಡು ಮೂರು ಲಾಟ್ ಹಾಳಾಗುವುದು ಸಾಮಾನ್ಯ, ಬೇಜಾರು ಮಾಡ್ಕೋಬೇಡಿ.

ನಟ್ ಶುರುವಿನ ಎರಡು ಮೂರು ಸುತ್ತು ಬೆರಳಲ್ಲೇ ಹೋಗುವಂತಿರಲಿ. ಸ್ಟಡ್ಡಿನ ತುದಿ ಕಾಲರ್ ದಾಟಿ ಕನಿಷ್ಠ ಒಂದು ಪೂರ್ತಿ ಥ್ರೆಡ್ ಹೊರಗೆ ಕಾಣಬೇಕು. ಕಾಲರಿನ ಒಳಗೇ ತುದಿ ನಿಂತರೆ ಲಾಕ್ ಇದ್ದೂ ಇಲ್ಲದಂತೆ.

ಲೇಪನ: ಕಚ್ಚಿಕೊಳ್ಳದಂತೆ ನೋಡಿಕೊಳ್ಳುವುದು

ಸ್ಟೇನ್‌ಲೆಸ್ ಮೇಲೆ ಸ್ಟೇನ್‌ಲೆಸ್ ಉಜ್ಜಿದರೆ ಥ್ರೆಡ್‌ಗಳು ಒಂದನ್ನೊಂದು ಕಚ್ಚಿಕೊಂಡು ಸೀಜ್ ಆಗುತ್ತವೆ. ಲಾಕ್ ನಟ್ಟಿನಲ್ಲಿ ಈ ಕಾಟ ಇನ್ನೂ ಜಾಸ್ತಿ, ಏಕೆಂದರೆ ಅದು ಮೊದಲ ಸುತ್ತಿನಿಂದಲೇ ಉಜ್ಜುತ್ತಿರುತ್ತದೆ. ಮಧ್ಯೆ ಒಂದು ಮೆತ್ತನೆಯ ಪದರ ಬೇಕೇ ಬೇಕು.

ಸತು ಬೇಡ. ಅದು 419 ಡಿಗ್ರಿಗೆ ಕರಗುತ್ತದೆ, ಅದಕ್ಕಿಂತ ಬಹಳ ಮೊದಲೇ ಕೆಲಸಕ್ಕೆ ಬಾರದಾಗುತ್ತದೆ. ಕ್ಯಾಡ್ಮಿಯಂ ಅಂತೂ ಬೇಡವೇ ಬೇಡ. ಅದರ ಮಿತಿ 230 ಡಿಗ್ರಿ, 321ಕ್ಕೆ ಕರಗುತ್ತದೆ. ಕರಗಿದ ಕ್ಯಾಡ್ಮಿಯಂ ಎಳೆತದಲ್ಲಿರುವ ಉಕ್ಕಿನ ಒಳಗೆ ಇಳಿದು ಬೋಲ್ಟನ್ನೇ ಪಟ್ ಎಂದು ಮುರಿಯಬಲ್ಲದು. ಮೇಲಾಗಿ ವಿಷ. ಕಾರುಗಳ ಎಕ್ಸಾಸ್ಟ್ ನಟ್‌ಗಳಲ್ಲಿ ಕಾಣುವ ಕೆಂಪು ಬಣ್ಣ ತಾಮ್ರದ್ದು. ನಮ್ಮ ಉಕ್ಕಿನ ನಟ್ಟಿಗೆ ಅದು ಸಾಕು, ಅಗ್ಗವೂ ಹೌದು. ಎ286 ನಟ್ಟಿಗೆ ಬೆಳ್ಳಿ. ಜೆಟ್ ಎಂಜಿನ್ನಿನ ಬಿಸಿ ಭಾಗದ ನಟ್‌ಗಳ ಹೊಳಪು ಬರೀ ಬೆಳ್ಳಿ ಬಣ್ಣವಲ್ಲ, ನಿಜವಾದ ಬೆಳ್ಳಿಯೇ. ಲೇಪನ ನಟ್ಟಿಗೆ ಮಾತ್ರ ಸಾಕು, ಸ್ಟಡ್ಡಿಗೆ ಬೇಡ. ಟೈಟಾನಿಯಂ ಇರುವ ಕಡೆ ಮಾತ್ರ ಬೆಳ್ಳಿ ತರಬೇಡಿ, ಬಿಸಿಯಲ್ಲಿ ಅದು ಟೈಟಾನಿಯಮ್ಮಿನಲ್ಲಿ ಬಿರುಕು ತರಿಸುತ್ತದೆ.

ಲೇಪನದ ದಪ್ಪವೂ ಪಿಚ್ ವ್ಯಾಸವನ್ನು ತಿನ್ನುತ್ತದೆ. 5 ಮೈಕ್ರಾನ್ ಪದರ ಪಿಚ್ ವ್ಯಾಸವನ್ನು ಸುಮಾರು 20 ಮೈಕ್ರಾನ್ ಬದಲಾಯಿಸುತ್ತದೆ. ಮೇಲಿನ 0.1ರ ಲೆಕ್ಕದಲ್ಲಿ ಅದಕ್ಕೂ ಜಾಗ ಬಿಡಿ.

ಪರೀಕ್ಷೆ

ಮೊದಲು ಎರಡು ಅಳತೆ ಸ್ಟಡ್ ಮಾಡಿಸಿ. ಒಂದು ಗರಿಷ್ಠ ಪಿಚ್ ವ್ಯಾಸದ್ದು, ಇನ್ನೊಂದು ಕನಿಷ್ಠದ್ದು. ಮಧ್ಯದ ಸ್ಟಡ್ಡಿನಲ್ಲಿ ಪರೀಕ್ಷೆ ಮಾಡಿ ಖುಷಿಪಡುವುದು ನಮ್ಮನ್ನು ನಾವೇ ಏಮಾರಿಸಿಕೊಂಡಂತೆ.

ಸಣ್ಣ ಮುಳ್ಳಿನ ಟಾರ್ಕ್ ರೆಂಚ್ ಹಿಡಿದು ಹಾಕಿ, ಬಿಚ್ಚಿ, ಪ್ರತಿ ಸಲ ಅಂಕಿ ಬರೆಯಿರಿ. ಕಾರ್ಖಾನೆಯ ಸಾಮಾನ್ಯ ನಟ್‌ಗಳಿಗೆ ಐಎಸ್‌ಒ 2320 ಮಾನದಂಡ ಐದು ಸಲ ಬಿಚ್ಚಿ ನೋಡುತ್ತದೆ. ವಿಮಾನದ ನಟ್‌ಗಳಿಗೆ 15 ಸಲ. ಮೊದಲ ಸಲಕ್ಕೂ ಎರಡನೇ ಸಲಕ್ಕೂ ತಡೆ ಟಾರ್ಕ್ ದಬಕ್ಕನೆ ಇಳಿಯುತ್ತದೆ, ಗಾಬರಿ ಬೇಡ. ಥ್ರೆಡ್ಡಿನ ಉಬ್ಬುಗಳು ಸವೆದು ಕೂರುತ್ತಿವೆ. ಮೂರನೆಯದರಿಂದ ಗೆರೆ ಹೆಚ್ಚೂಕಡಿಮೆ ನೇರವಾಗಬೇಕು. ಇಳಿಯುತ್ತಲೇ ಹೋದರೆ ಕಾಲರ್ ಯೀಲ್ಡ್ ಆಗುತ್ತಿದೆ. ಏರುತ್ತಾ ಹೋದರೆ ಇನ್ನೂ ಕೆಟ್ಟದ್ದು: ಲೇಪನ ಹರಿದು ಕಚ್ಚಿಕೊಳ್ಳಲು ಶುರುವಾಗಿದೆ. ತಕ್ಷಣ ನಿಲ್ಲಿಸಿ, ನಟ್ ಕತ್ತರಿಸಿ ಒಳಗೆ ನೋಡಿ.

ಇದೇ ಪರೀಕ್ಷೆಯನ್ನು ಬಿಸಿ ತಿಂದ ನಟ್ ಮೇಲೂ ಮಾಡಬೇಕು. ಬಿಗಿಸಿದ ಸ್ಥಿತಿಯಲ್ಲೇ ವಿನ್ಯಾಸದ ಬಿಸಿಯಲ್ಲಿ ಆರು ಗಂಟೆ ಒಲೆಯಲ್ಲಿಟ್ಟು, ತಣ್ಣಗಾದ ಮೇಲೆ ಬಿಚ್ಚಿ. ತಣ್ಣನೆಯ 15 ಸಲ ಪಾಸಾದ ನಟ್ ಬಿಸಿಯಾದ ಮೇಲೆ ಎರಡನೇ ಸಲಕ್ಕೇ ಸೋತದ್ದನ್ನು ನಾನು ಕಂಡಿದ್ದೇನೆ. ತಪ್ಪು ನನ್ನದೇ, ಆ ಲಾಟನ್ನು ಗಟ್ಟಿಯಾದ ಮೇಲೆ ಹಿಸುಕಿಸಿದ್ದೆ.

ಕೊನೆಗೆ ಅದುರುವಿಕೆ. ಮೇಲೆ ಹೇಳಿದಂತೆ ಅಡ್ಡಡ್ಡ ಅದುರಿಸುವ ಯುಂಕರ್ ಯಂತ್ರ ಇರುವ ಪ್ರಯೋಗಾಲಯಕ್ಕೆ ಕೊಡಿ. ಜರ್ಮನ್ ರೈಲ್ವೆ ಕ್ಷೇತ್ರದ ಡಿಐಎನ್ 25201-4 ಮಾನದಂಡದ ಪ್ರಕಾರ 2,000 ಅದುರುವಿಕೆಯ ನಂತರ 80 ಶೇಕಡ ಎಳೆತ ಉಳಿದಿರಬೇಕು. ಬರೀ ಹಿಸುಕಿದ ಕಾಲರಿನ ನಟ್ ಇದನ್ನು ದಾಟುವುದು ಕಷ್ಟ. ಕಾರಣ ಮೊದಲೇ ಹೇಳಿದೆ, ಅದು ಬಿಗಿ ಕಾಯುವ ವಸ್ತುವಲ್ಲ. ಬಿಗಿಯೂ ಉಳಿಯಲೇಬೇಕು ಎಂದರೆ ಓರೆ ಹಲ್ಲಿನ ಜೋಡಿ ವಾಷರ್ ಹಾಕಿ. ಇಲ್ಲವೇ ಜಪಾನಿನ ಶಿಂಕಾನ್ಸೆನ್ ರೈಲಿನಲ್ಲಿ ಬಳಸುವ ಹಾರ್ಡ್ ಲಾಕ್‌ನಂತೆ, ಒಂದರೊಳಗೊಂದು ಬೆಣೆಯಂತೆ ಕೂರುವ ಎರಡು ನಟ್‌ಗಳ ಜೋಡಿ. ಬೋಲ್ಟೇ ತಿರುಗುವಂಥ ಕೀಲುಗಳಿಗೆ ತಿಕ್ಕಾಟದ ಲಾಕ್ ಒಂದನ್ನೇ ನಂಬಬಾರದು. ಅಮೆರಿಕದ ವಿಮಾನ ನಿಯಮ ಅಲ್ಲಿ ಪಿನ್ ತರಹದ, ತಿಕ್ಕಾಟ ನೆಚ್ಚದ ಇನ್ನೊಂದು ಲಾಕ್ ಕೂಡ ಇರಲೇಬೇಕು ಎನ್ನುತ್ತದೆ.

ಬಿಗಿಸುವವರಿಗೆ, ಬಿಚ್ಚುವವರಿಗೆ

ಡ್ರಾಯಿಂಗಿನಲ್ಲಿ ಟಾರ್ಕ್ ಬರೆಯುವಾಗ ತಡೆ ಟಾರ್ಕ್ ಸೇರಿಸಿ. ನಟ್ ಫ್ಲಾಂಜಿಗೆ ತಾಗುವ ಮೊದಲು ತಿರುಗಲು 3 ನ್ಯೂಟನ್ ಮೀಟರ್ ಬೇಕಾದರೆ, 25ರ ಬದಲು 28ಕ್ಕೆ ಬಿಗಿಸಬೇಕು. ಇಲ್ಲದಿದ್ದರೆ ಆ 3 ಎಳೆತಕ್ಕೆ ಹೋಗುವುದೇ ಇಲ್ಲ. ಲೇಪನ ಅಥವಾ ಗ್ರೀಸ್ ಬದಲಾದರೆ 25 ಅನ್ನೂ ಮತ್ತೆ ಅಳೆದು ತೆಗೆಯಿರಿ. ಇಂಪ್ಯಾಕ್ಟ್ ಗನ್ ದೂರ ಇಡಿ. ವೇಗಕ್ಕೆ ಥ್ರೆಡ್ ಕಾದು ಕಚ್ಚಿಕೊಳ್ಳುತ್ತದೆ. ಕೈಯಲ್ಲಿ ನಿಧಾನ ತಿರುಗಿಸಿ.

ವಾಷರ್ ಎಣಿಸಿ. 2007ರ ಆಗಸ್ಟ್ 20ರಂದು ಓಕಿನಾವಾದ ನಾಹಾ ನಿಲ್ದಾಣದಲ್ಲಿ ಚೈನಾ ಏರ್‌ಲೈನ್ಸಿನ 737-800 ವಿಮಾನ ಇಳಿದು ನಿಂತ ಮೇಲೆ ಹೊತ್ತಿ ಉರಿಯಿತು. ರೆಕ್ಕೆಯ ಸ್ಲ್ಯಾಟಿನ (ಮುಂಚೂಣಿಯಲ್ಲಿ ಹೊರಚಾಚುವ ಭಾಗದ) ಒಂದು ಬೋಲ್ಟ್ ಕಳಚಿ ಇಂಧನ ಟ್ಯಾಂಕಿಗೆ ಚುಚ್ಚಿಕೊಂಡಿತ್ತು. ಆ ನಟ್ ಸಡಿಲವಾಗಬಾರದು ಎಂದೇ ಕೆಲವು ವಾರ ಮೊದಲು ಅದನ್ನು ಬಿಚ್ಚಿ ಹಾಕಿದ್ದರು. ಆ ಹೊತ್ತಿನಲ್ಲಿ ವಾಷರ್ ಬಿದ್ದುಹೋಗಿತ್ತು. ವಾಷರ್ ಇಲ್ಲದೆ ನಟ್ ಸಮೇತ ಬೋಲ್ಟ್ ರಂಧ್ರದ ಮೂಲಕ ಹೊರಬಂತು. 165 ಜನರೂ ಬದುಕಿದರು, ವಿಮಾನ ಉಳಿಯಲಿಲ್ಲ.

ಇನ್ನೊಂದು ಎಚ್ಚರಿಕೆ. ಒಂದು ಸಲ ವರ್ಕ್‌ಶಾಪಿನಲ್ಲಿ ಅನುಭವಿ ಫಿಟ್ಟರ್ ಒಬ್ಬರು ನಾನು ಕೊಟ್ಟ ಮಾದರಿ ನಟ್‌ಗಳನ್ನೆಲ್ಲ ಸಾಲಾಗಿ ಜೋಡಿಸಿಟ್ಟು, "ಸಾರ್, ಎಲ್ಲಾ ಟೈಟಾಗಿತ್ತು, ಟ್ಯಾಪ್ ಬಿಟ್ಟು ಕ್ಲೀನ್ ಮಾಡಿದೀನಿ" ಅಂದರು. ಹನ್ನೆರಡು ನಟ್, ಹನ್ನೆರಡೂ ಸಲೀಸು. ಆವತ್ತಿನಿಂದ ಡ್ರಾಯಿಂಗಿನ ಮೇಲೆ "ಟ್ಯಾಪ್ ಹಾಕಬೇಡಿ" ಎಂದು ಕನ್ನಡದಲ್ಲೇ ದೊಡ್ಡದಾಗಿ ಬರೆಸುತ್ತೇನೆ.

ಹಳೇ ನಟ್ ಮತ್ತೆ ಹಾಕಬಹುದೇ ಎಂದು ತಿಳಿಯಲು ಸ್ಟಡ್ಡಿನ ಥ್ರೆಡ್ಡನ್ನು ತಂತಿ ಬ್ರಷ್ಷಿನಲ್ಲಿ ಉಜ್ಜಿ, ನಟ್ ತಿರುಗಿಸಿ. ಕಾಲರ್ ದಾಟಿಯೂ ಬೆರಳಲ್ಲೇ ಹೋದರೆ ಗುಜರಿಗೆ. ಟಾರ್ಕ್ ಕನಿಷ್ಠ ಅಂಕಿಗಿಂತ ಮೇಲಿದ್ದರೆ ಹಾಕಬಹುದು. ಎಷ್ಟನೇ ಸಲ ಎಂಬ ಲೆಕ್ಕ ಇಡಲು ಪೇಂಟ್ ಗುರುತು ಆಗುವುದಿಲ್ಲ, ಬಿಸಿಗೆ ಸುಟ್ಟು ಹೋಗುತ್ತದೆ. ಪ್ರತಿ ಸಲ ಬಿಚ್ಚಿದಾಗ ನಟ್ಟಿನ ಒಂದು ಮುಖದ ಮೇಲೆ ಸಣ್ಣ ಪಂಚ್ ಚುಕ್ಕೆ ಹಾಕಿ. ಆರು ಮುಖ ಇವೆ. ಆರರಲ್ಲೂ ಚುಕ್ಕೆ ಬಿದ್ದ ನಟ್ಟನ್ನು ನಾನು ಮತ್ತೆ ಅಳೆಯಲು ಹೋಗುವುದಿಲ್ಲ. ಚುಕ್ಕೆ ಹಾಕುವಾಗ ಮಾತ್ರ ಕಾಲರಿನ ಹತ್ತಿರ ಸುತ್ತಿಗೆ ತರಬೇಡಿ.